ಕೊಲೊನೋಸ್ಕೋಪಿ ಎಂದರೆ ಕ್ಯಾನ್ಸರ್ ಎಂದೇ ಅರ್ಥವೇ?

ಪ್ರಶ್ನೆ: ನಮ್ಮ ತಂದೆಯವರಿಗೆ 61 ವರ್ಷ. ಕಬ್ಬಿಣಾಂಶದ ಕೊರತೆಯಿಂದ ರಕ್ತಹೀನತೆ ಉಂಟಾಗಿದ್ದು, ವೈದ್ಯರು ಕೊಲೊನೋಸ್ಕೋಪಿ (ಕ್ಯಾಮೆರಾ ಇರುವ ಕೊಳವೆಯಿಂದ ದೊಡ್ಡ ಕರುಳಿನ ಒಳಭಾಗವನ್ನು ನೋಡುವ ಪರೀಕ್ಷೆ) ಮಾಡಿಸಲು ಹೇಳಿದ್ದಾರೆ. ಈ ಪರೀಕ್ಷೆಗೆ ಒಳಗಾಗುವವರಲ್ಲಿ ಎಷ್ಟು ಮಂದಿಗೆ ದೊಡ್ಡ ಕರುಳಿನ ಕ್ಯಾನ್ಸರ್ ಇರುತ್ತದೆ?
– ಓದುಗರೊಬ್ಬರು, ಹಾಸನ

ಉತ್ತರ: ಬಹುಪಾಲು ಜನರಲ್ಲಿ ಇರುವುದಿಲ್ಲ. ಆದರೆ ಪರೀಕ್ಷೆಗೆ ಬಂದ ಕಾರಣವನ್ನು ಅವಲಂಬಿಸಿ ಈ ಪ್ರಮಾಣ ಬಹಳ ಬದಲಾಗುತ್ತದೆ. ಯುರೋಪಿನಲ್ಲಿ 55ರಿಂದ 64 ವರ್ಷದೊಳಗಿನವರನ್ನು ತಪಾಸಣೆಗೆ ಆಹ್ವಾನಿಸಿ ನಡೆಸಿದ, 2022ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ, ಕೊಲೊನೋಸ್ಕೋಪಿಗೆ ಒಳಗಾದ 11,843 ಜನರ ಪೈಕಿ 62 ಮಂದಿಯಲ್ಲಿ, ಅಂದರೆ ಸುಮಾರು ಶೇ 0.5ರಷ್ಟು ಜನರಲ್ಲಿ ಮಾತ್ರ ಕ್ಯಾನ್ಸರ್ ಕಂಡುಬಂದಿತು. ಮುಂದೆ ಕ್ಯಾನ್ಸರ್ ಆಗಬಹುದಾದ ಅಡಿನೋಮಾ ಗಂಟುಗಳಾದರೋ ಸುಮಾರು ಶೇ 31ರಷ್ಟು ಜನರಲ್ಲಿದ್ದವು. ನನ್ನ ದೃಷ್ಟಿಯಲ್ಲಿ ಈ ಎರಡನೆಯ ಅಂಕಿಯೇ ಹೆಚ್ಚು ಮುಖ್ಯ, ಏಕೆಂದರೆ ಅಂತಹ ಗಂಟುಗಳನ್ನು ಪರೀಕ್ಷೆಯ ಸಮಯದಲ್ಲೇ ತೆಗೆಯಬಹುದು.

ಆದರೆ ಆ ಅಧ್ಯಯನದಲ್ಲಿದ್ದವರು ರೋಗಲಕ್ಷಣಗಳಿಗಾಗಿ ಬಂದವರಲ್ಲ. ನಿಮ್ಮ ತಂದೆಯವರಿಗೆ ಆ ಲೆಕ್ಕ ಅನ್ವಯಿಸದು. ಕಬ್ಬಿಣಾಂಶದ ಕೊರತೆಯ ರಕ್ತಹೀನತೆಯಿರುವ ಪುರುಷರು ಮತ್ತು ಮುಟ್ಟು ನಿಂತ ಮಹಿಳೆಯರ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಸುಮಾರು ಶೇ 9ರಷ್ಟು ಜನರಲ್ಲಿ ದೊಡ್ಡ ಕರುಳಿನ ಕ್ಯಾನ್ಸರ್ ಪತ್ತೆಯಾಗಿದೆ. ಆದ್ದರಿಂದ ಮೂಲವ್ಯಾಧಿಯೇ ಕಾರಣವೆಂದು ಊಹಿಸಿ, ಕಬ್ಬಿಣದ ಮಾತ್ರೆ ನುಂಗುತ್ತಾ ಪರೀಕ್ಷೆಯನ್ನು ಮುಂದೂಡುವುದು (ನಮ್ಮಲ್ಲಿ ಇದು ತೀರ ಸಾಮಾನ್ಯ) ಸರಿಯಲ್ಲ. ರಕ್ತ ತೆಳುಗೊಳಿಸುವ ಔಷಧಿ ಸೇವಿಸುತ್ತಿದ್ದರೆ ವೈದ್ಯರಿಗೆ ಮೊದಲೇ ತಿಳಿಸಿ.