ನಿಕಾನ್ ಡಿ3500 ಇದೆ, ಮುಂದಿನ ಡಿಎಸ್‌ಎಲ್‌ಆರ್‌ಗೆ ಕ್ಯಾನನ್‌ಗೆ ಹೋಗಬಹುದಾ?

ಹೋಗಬಹುದು, ಆದರೆ ಮೊದಲು ಬ್ಯಾಗ್ ತೆರೆದು ಲೆನ್ಸ್ ಎಣಿಸಿ. ಕ್ಯಾಮೆರಾ ಜೊತೆ ಬಂದ 18-55 ಎಂಎಂ ಲೆನ್ಸ್ ಒಂದೇ ಇದ್ದರೆ ಯೋಚನೆಯೇ ಬೇಡ, ಕ್ಯಾಮೆರಾ, ಲೆನ್ಸ್ ಎರಡನ್ನೂ ಮಾರಿ ಕೈಗೆ ಹಿತವಾಗಿ ಕೂರುವ ಬಾಡಿ (ಲೆನ್ಸ್ ಬಿಟ್ಟು ಬರೀ ಕ್ಯಾಮೆರಾ) ತೆಗೆದುಕೊಳ್ಳಿ. ಮೂರ್ನಾಲ್ಕು ಒಳ್ಳೆಯ ಲೆನ್ಸ್ ಕೂಡಿಸಿದ್ದರೆ ಲೆಕ್ಕ ಬೇರೆ, ನಿಕಾನ್ ಲೆನ್ಸ್ ಕ್ಯಾನನ್‌ಗೆ ನೇರವಾಗಿ ಕೂರುವುದಿಲ್ಲ. ಬಾಡಿ ಬೇಗ ಹಳೆಯದಾಗುತ್ತದೆ, ಲೆನ್ಸ್ ಹಾಗಲ್ಲ.

ನಡುವೆ ಅಡಾಪ್ಟರ್ (ಜೋಡಿಸುವ ಬಳೆ) ಹಾಕಿದರೆ ಆಯ್ತಲ್ವಾ ಅಂತೀರಾ? ನಿಕಾನ್ ಡಿಎಸ್‌ಎಲ್‌ಆರ್‌ನಲ್ಲಿ ಲೆನ್ಸ್ ಕೂರುವ ಮೌಂಟ್‌ನಿಂದ ಸೆನ್ಸರ್‌ಗೆ 46.5 ಮಿ.ಮೀ., ಕ್ಯಾನನ್ ಡಿಎಸ್‌ಎಲ್‌ಆರ್‌ನ ಇಎಫ್ ಮೌಂಟ್‌ನಲ್ಲಿ 44. ಆ ಎರಡೂವರೆ ಮಿ.ಮೀ. ಜಾಗದಲ್ಲಿ ತೆಳ್ಳನೆಯ ಅಡಾಪ್ಟರ್ ಕೂರುತ್ತದೆ ನಿಜ, ಆದರೆ ಸಾಮಾನ್ಯ ಅಡಾಪ್ಟರ್‌ನಲ್ಲಿ ಆಟೋಫೋಕಸ್ ಸಿಗುವುದಿಲ್ಲ, ಅದರಲ್ಲೂ ನಿಮ್ಮದು ನಿಕಾನ್‌ನ ಎಎಫ್-ಪಿ (ರಿಂಗ್ ತಿರುಗಿಸಿದರೂ ಒಳಗಿನ ಮೋಟಾರೇ ಫೋಕಸ್ ಮಾಡುವ) ಲೆನ್ಸ್ ಆಗಿದ್ದರೆ ಬಾಡಿಯಿಂದ ಕರೆಂಟ್ ಬರದೆ ಕೈಯಲ್ಲಿ ರಿಂಗ್ ತಿರುಗಿಸಿದರೂ ಫೋಕಸ್ ಆಗುವುದಿಲ್ಲ. ಸುಮ್ನೆ ದುಡ್ಡು ದಂಡ.

ಇನ್ನೊಂದು ಸಣ್ಣ ಕಿರಿಕಿರಿ: ಎರಡು ಕಂಪನಿಯ ಜೂಮ್ ರಿಂಗ್ ಒಂದಕ್ಕೊಂದು ಉಲ್ಟಾ ತಿರುಗುತ್ತವೆ. ಮದುವೆ ಮನೆಯಲ್ಲಿ ಧಾರೆ ಹೊತ್ತಿಗೆ ಇದು ಗೊತ್ತಾದರೆ ಕಷ್ಟ!

ನನ್ನನ್ನು ಕೇಳಿದರೆ, ನಿಕಾನ್‌ನದೇ ಡಿ7500 ನೋಡಿ. ಅದರ ಬಾಡಿಯಲ್ಲೇ ಫೋಕಸ್ ಮೋಟಾರ್ ಇದೆ, ಡಿ3500ರಲ್ಲಿ ಇಲ್ಲ. ಹಾಗಾಗಿ 50 ಎಂಎಂ 1.8ಡಿ ಥರದ, ಒಳಗೆ ಮೋಟಾರ್ ಇಲ್ಲದ ಹಳೆ ಲೆನ್ಸ್ ಸೆಕೆಂಡ್ ಹ್ಯಾಂಡ್‌ನಲ್ಲಿ ಕಡಿಮೆಗೆ ಸಿಕ್ಕರೂ ಆಟೋಫೋಕಸ್ ಆಗುತ್ತದೆ.