ಸೀಟು ಕೊರೆಸಲೇ?

ಪ್ರಶ್ನೆ: ನನ್ನ ಎತ್ತರ 5 ಅಡಿ 1 ಇಂಚು. ನನ್ನ ಬೈಕು ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350ರ ಸೀಟು ನೆಲದಿಂದ 805 ಮಿ.ಮೀ. ಎತ್ತರ. ಸಿಗ್ನಲ್‌ನಲ್ಲಿ ತುದಿಗಾಲಲ್ಲೇ ನಿಲ್ಲಬೇಕು. ಫೋಮ್ ಕೊರೆಸಬಹುದೇ?
– ಓದುಗಿ, ಹಾಸನ

ಉತ್ತರ: ಕೊರೆಸಮ್ಮ, ಆದರೆ ಮೊದಲು ಪಕ್ಕದಿಂದ. ಟ್ಯಾಂಕಿನ ಹತ್ತಿರ ಎರಡೂ ಅಂಚು ಸವರಿದರೆ ತೊಡೆ ಅಗಲಿಸಬೇಕಿಲ್ಲ, ಕಾಲು ನೇರ ನೆಲಕ್ಕಿಳಿಯುತ್ತೆ. ಮೇಲಿಂದ ಅರ್ಧ, ಮುಕ್ಕಾಲು ಇಂಚು ಸಾಕು. ನಮ್ಮಾಕೆಯ ಗಾಡಿಗೆ ನಾನೇ ಉತ್ಸಾಹದಲ್ಲಿ ಎರಡು ಇಂಚು ಕೊಯ್ದಿದ್ದೆ. ಅರಸೀಕೆರೆ ಮುಟ್ಟೋದರೊಳಗೆ ಅಡಿಯ ಹಲಗೆ ಒತ್ತಿ, ಆಕೆ ಇಳಿದು ಬಸ್ಸು ಹತ್ತಿದಳು! ದಿನಾ ಹಾಕುವ ಶೂನಲ್ಲೇ ಕೂತು, ತೊಡೆ ತಾಗುವ ಕಡೆ ಸೀಮೆಸುಣ್ಣದ ಗೆರೆ ಎಳೆಸಿ, ಆಮೇಲೆ ರೆಕ್ಸಿನ್ ಬಿಚ್ಚಿಸಿ. ಹಳೇ ರೆಕ್ಸಿನ್ನನ್ನೇ ಬಿಗಿಯಾಗಿ ಎಳೆದು ಪಿನ್ ಹೊಡೆಯಲಿ. ಕೂರುವ ಜಾಗದಲ್ಲಿ ಹೊಸ ಹೊಲಿಗೆ ಬೇಡ. ಮಳೆನೀರು ಅಲ್ಲಿಂದಲೇ ಫೋಮಿಗೆ ಇಳಿಯೋದು.