ಅಪ್ಪನ ಕಣ್ಣಿನ ರಿಪೋರ್ಟಿನಲ್ಲಿ ‘ಜಿಎನ್‌ಎಕ್ಯೂ ಇದೆ, ಬ್ಯಾಪ್1 ಇಲ್ಲ’ ಎಂದಿದೆ. ಯಾವುದಕ್ಕೆ ಹೆದರಬೇಕು?

ನಿಮ್ಮ ತಂದೆಗೆ ಕಣ್ಣಿನೊಳಗೆ ಮೆಲನೋಮ (ಬಣ್ಣದ ಜೀವಕೋಶಗಳ ಕ್ಯಾನ್ಸರ್) ಆಗಿ ಕಣ್ಣು ತೆಗೆದಿದ್ದಾರೆ, ಗಡ್ಡೆಯ ರಿಪೋರ್ಟ್ ಅರ್ಥವಾಗುತ್ತಿಲ್ಲ ಎಂದು ಬರೆದಿದ್ದೀರಿ. ನಾನು ಪ್ಯಾಥಾಲಜಿ ಲ್ಯಾಬಿನಲ್ಲಿ ಇಂಥ ಸ್ಲೈಡುಗಳನ್ನು ನೋಡುವವಳು. ಮುಚ್ಚಿಡದೆ ಹೇಳುತ್ತೇನೆ: ‘ಇದೆ’ ಎಂದಿರುವುದರ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಗಮನ ಕೊಡಬೇಕಾದದ್ದು ‘ಇಲ್ಲ’ ಎಂದಿರುವ ಸಾಲಿಗೆ. ಮೊದಲನೆಯದು ‘ಇದೆ’ ಎಂದರೆ ಆ ಜೀನಿನಲ್ಲಿ ಕೆಟ್ಟ ಬದಲಾವಣೆ ಇದೆ ಎಂದು; ಬ್ಯಾಪ್1 ‘ಇಲ್ಲ’ ಎಂದರೆ ಆ ಜೀನ್ ತಯಾರಿಸಬೇಕಾದ ಪ್ರೋಟೀನ್ ಗಡ್ಡೆಯಲ್ಲಿ ಕಾಣುತ್ತಿಲ್ಲ ಎಂದು.

ಪಂಪ್‌ಸೆಟ್ಟಿನ ಸ್ಟಾರ್ಟರ್ ಸಿಕ್ಕಿಕೊಂಡು ಮೋಟರ್ ನಿಲ್ಲದೇ ಓಡುವುದನ್ನು ನೋಡಿರುತ್ತೀರಿ. ಜಿಎನ್‌ಎಕ್ಯೂ ಜೀನ್ ಕೆಟ್ಟಾಗ ಆಗುವುದು ಅದೇ. ‘ಬೆಳೆ’ ಎನ್ನುವ ಸಂದೇಶ ನಿಲ್ಲುವುದೇ ಇಲ್ಲ. ಕಣ್ಣಿನ ಮೆಲನೋಮಗಳಲ್ಲಿ ಹೆಚ್ಚಿನವುಗಳಲ್ಲಿ ಇದು ಅಥವಾ ಇದರ ಜೋಡಿ ಜೀನ್ ಜಿಎನ್‌ಎ11 ಕೆಟ್ಟಿರುತ್ತದೆ. ಆದರೆ ಕಣ್ಣಿನೊಳಗಿನ ನಿರಪಾಯಕಾರಿ ಮಚ್ಚೆಯಲ್ಲೂ ಇದೇ ಬದಲಾವಣೆ ಸಿಗುತ್ತದೆ. ಹಾಗಾಗಿ ಕಾಯಿಲೆ ಹೇಗೆ ಶುರುವಾಯಿತು ಎಂಬುದನ್ನು ಇದು ಹೇಳುತ್ತದೆಯೇ ಹೊರತು ಮುಂದೆ ಹರಡುತ್ತದೆಯೇ ಎಂಬುದನ್ನಲ್ಲ.

ಅದನ್ನು ಹೇಳುವುದು ಬ್ಯಾಪ್1. ಈ ಜೀನ್ ಇರುವುದು 3ನೇ ಕ್ರೋಮೋಸೋಮಿನಲ್ಲಿ. ಆ ಕ್ರೋಮೋಸೋಮಿನ ಎರಡು ಪ್ರತಿಗಳಲ್ಲಿ ಒಂದು ಇಡಿಯಾಗಿ ಕಳೆದುಹೋಗಿ, ಉಳಿದ ಪ್ರತಿಯಲ್ಲಿನ ಬ್ಯಾಪ್1 ಕೂಡ ಕೆಟ್ಟರೆ ಜೀವಕೋಶಕ್ಕೆ ಇದ್ದ ಕಡಿವಾಣ ತಪ್ಪುತ್ತದೆ. 2010ರಲ್ಲಿ ಅಮೆರಿಕದ ಹಾರ್ಬರ್ ಅವರ ತಂಡ ಹರಡಿದ 31 ಗಡ್ಡೆಗಳನ್ನು ಪರೀಕ್ಷಿಸಿದಾಗ 26ರಲ್ಲಿ ಬ್ಯಾಪ್1 ಕೆಟ್ಟಿತ್ತು. ಬದಲಿಗೆ ಇಐಎಫ್‌1ಎಎಕ್ಸ್ ಎಂಬ ಜೀನ್ ಕೆಟ್ಟಿದ್ದರೆ ಹರಡುವುದು ಕಡಿಮೆ. ಎಸ್‌ಎಫ್‌3ಬಿ1 ಆದರೆ ಹರಡುವುದು ತಡವಾಗಿ, ಎಷ್ಟೋ ವರ್ಷಗಳ ನಂತರ.

ಒಂದು ಮಾತು ಲ್ಯಾಬಿನವರನ್ನು ಕೇಳಿ: ಬ್ಯಾಪ್1 ಪ್ರೋಟೀನ್ ಇದೆಯೇ ಎಂದು ನೋಡಲು ಸ್ಲೈಡಿಗೆ ಹಾಕಿದ ಬಣ್ಣ ಕಂದೋ ಕೆಂಪೋ? ಈ ಗಡ್ಡೆಯಲ್ಲೇ ಕಂದು ವರ್ಣದ್ರವ್ಯ ತುಂಬಿರುವುದರಿಂದ ಕಂದು ಬಣ್ಣ ಹಾಕಿದರೆ ಯಾವುದು ಯಾವುದೆಂದು ಗೊತ್ತಾಗದೆ ನಾವೇ ಕಷ್ಟಪಡುತ್ತೇವೆ. ಸಂಶಯವಿದ್ದರೆ 3 ಮತ್ತು 8ನೇ ಕ್ರೋಮೋಸೋಮಿನ ಪರೀಕ್ಷೆಯನ್ನೂ ಮಾಡಿಸಬಹುದು. 3 ಕಳೆದು, 8 ಹೆಚ್ಚಾಗಿದ್ದರೆ ಅಪಾಯ ಹೆಚ್ಚು.

‘ಇಲ್ಲ’ ಎಂದ ಮಾತ್ರಕ್ಕೆ ಈಗಾಗಲೇ ಹರಡಿದೆ ಎಂದಲ್ಲ. ಆದರೆ ಹರಡುವುದಾದರೆ ಹೆಚ್ಚಾಗಿ ಲಿವರಿಗೇ. ಆದ್ದರಿಂದ ಲಿವರ್ ಸ್ಕ್ಯಾನ್ ಎಷ್ಟು ತಿಂಗಳಿಗೊಮ್ಮೆ ಎಂದು ಆಂಕಾಲಜಿಸ್ಟ್ ಹತ್ತಿರ ಈಗಲೇ ಬರೆಸಿಕೊಳ್ಳಿ, ತಪ್ಪಿಸಬೇಡಿ.

ಚರ್ಮದ ಮೆಲನೋಮಕ್ಕೆ ಕೊಡುವ ಬ್ರಾಫ್ ಮಾತ್ರೆಗಳ (ಬ್ರಾಫ್ ಎಂಬ ಜೀನ್ ಕೆಟ್ಟಾಗ ಕೊಡುವವು) ಬಗ್ಗೆ ಯಾರಾದರೂ ಹೇಳಿದರೆ ನಂಬಬೇಡಿ. ಕಣ್ಣಿನೊಳಗಿನ ಈ ಕಾಯಿಲೆಯಲ್ಲಿ ಬ್ರಾಫ್ ಬದಲಾವಣೆ ಸಾಮಾನ್ಯವಾಗಿ ಇರುವುದೇ ಇಲ್ಲ. ಇದಕ್ಕೆಂದೇ ಬಂದ ಔಷಧ ಟೆಬೆಂಟಫಸ್ಪ್. 2022ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಅದರ ಪ್ರಯೋಗದಲ್ಲಿ ಒಂದು ವರ್ಷದ ನಂತರ ಬದುಕಿದ್ದವರು ನೂರಕ್ಕೆ 73, ಬೇರೆ ಚಿಕಿತ್ಸೆ ಪಡೆದವರಲ್ಲಿ 59. ಆದರೆ ಅದು ಹರಡಿದ ಮೇಲೆ ಕೊಡುವಂಥದ್ದು, ಅದೂ ರಕ್ತದಲ್ಲಿ ಎಚ್‌ಎಲ್‌ಎ-ಎ*02:01 ಎಂಬ, ಹುಟ್ಟಿನಿಂದ ಬರುವ ಜೀವಕೋಶದ ಗುರುತಿನ ಮಾದರಿ ಇರುವವರಿಗೆ ಮಾತ್ರ.

ನಿಮಗೂ ತಂಗಿಗೂ ಬರುತ್ತದೆಯೇ ಎಂದು ಕೇಳಿದ್ದೀರಿ. ಹೆಚ್ಚಿನವರಲ್ಲಿ ಬ್ಯಾಪ್1 ಕೆಟ್ಟಿರುವುದು ಗಡ್ಡೆಯಲ್ಲಿ ಮಾತ್ರ. ಕೆಲವೇ ಮನೆತನಗಳಲ್ಲಿ ಅದು ಹುಟ್ಟಿನಿಂದಲೇ ಬಂದಿರುತ್ತದೆ. ಸಂಬಂಧಿಕರಲ್ಲಿ ಕಿಡ್ನಿ ಕ್ಯಾನ್ಸರ್, ಮೀಸೋಥೀಲಿಯೋಮ (ಶ್ವಾಸಕೋಶ ಅಥವಾ ಹೊಟ್ಟೆಯ ಹೊದಿಕೆಯ ಕ್ಯಾನ್ಸರ್) ಅಥವಾ ಚರ್ಮದ ಮೆಲನೋಮ ಇದ್ದರೆ ಮೊದಲು ಅಪ್ಪನ ರಕ್ತ ಪರೀಕ್ಷೆ ಮಾಡಿಸಿ. ಅವರಲ್ಲಿ ಸಿಕ್ಕರೆ ಮಾತ್ರ ನೀವಿಬ್ಬರೂ ಮಾಡಿಸಿಕೊಂಡರೆ ಸಾಕು.

ಆಸ್ಪತ್ರೆಯಲ್ಲಿ ಗಡ್ಡೆಯ ಪ್ಯಾರಾಫಿನ್ ಬ್ಲಾಕ್ (ಮೇಣದಲ್ಲಿ ಹುದುಗಿಸಿದ ಗಡ್ಡೆಯ ತುಂಡು) ಇಟ್ಟಿರುತ್ತಾರೆ. ಅದರ ನಂಬರ್ ಇವತ್ತೇ ಬರೆದಿಟ್ಟುಕೊಳ್ಳಿ. ಮುಂದೆ ಯಾವ ಪರೀಕ್ಷೆ ಬೇಕಾದರೂ ಅದರಿಂದಲೇ ಶುರು.